‘ಮುನ್ನೂರು ವೈರಸ್ ಹಿಡಿದೈತ್ರಿ!’: ಮನೆ ಕಂಪ್ಯೂಟರಿನ ಕಾವಲುಗಾರನನ್ನು ಕಾಯುವವರು ಯಾರು?

ಹೊಸ ಆ್ಯಂಟಿ-ಸ್ಪೈವೇರ್ ಹಾಕಿಕೊಂಡವರು ‘ಚಲೋ ಐತಿ’ ಅಂದರೆ ನಾವೂ ಅದನ್ನೇ ಹಾಕಿಕೊಳ್ಳುತ್ತೇವೆ. ಆದರೆ ಹಿಡಿದ ಕಳ್ಳರ ಲೆಕ್ಕ ಕೊಡುವ ಕಾವಲುಗಾರ, ಬಿಟ್ಟ ಕಳ್ಳರ ಲೆಕ್ಕ ಕೊಡುವುದಿಲ್ಲ. ಬಳಕೆದಾರರ ಅಭಿಪ್ರಾಯ ಎಡವುವುದು ಇಲ್ಲೇ.

ಹಳೇ ಹುಬ್ಬಳ್ಳಿಯ ಇಂಡಿ ಪಂಪ್ ದಾಟಿ ಒಳಗೆ ಹೋದರೆ ನಮ್ಮ ಪರಿಚಯದವರ ಮನೆ. ಮುಂದಿನ ಕೋಣೆಯಲ್ಲಿ ಒಂದು ಕಂಪ್ಯೂಟರ್, ಒಂದು ಪ್ರಿಂಟರ್. ಹಗಲೆಲ್ಲ ಓಣಿಯವರ ಆಧಾರ್, ರೇಷನ್ ಕಾರ್ಡ್, ಬ್ಯಾಂಕ್ ಪಾಸ್‌ಬುಕ್ ಅದರಲ್ಲೇ ಸ್ಕ್ಯಾನ್ ಆಗುತ್ತವೆ. ಸಂಜೆ ಅದು ಮಗಳ ಸಿಇಟಿ ತಯಾರಿಗೆ. ರಾತ್ರಿ ಅಂಗಡಿ ಲೆಕ್ಕಕ್ಕೆ, ಆಮೇಲೆ ಸಿನಿಮಾಕ್ಕೆ. ಹೆಸರಿಗೆ ಮನೆ ಕಂಪ್ಯೂಟರ್, ಕೆಲಸದಲ್ಲಿ ಅರ್ಧ ಓಣಿಯ ಕಪಾಟು.

ಕೆಲ ತಿಂಗಳ ಹಿಂದೆ ಪ್ರಿಂಟ್ ತೆಗೆಸಲು ಹೋದಾಗ ಮನೆಯ ಯಜಮಾನರು ಉತ್ಸಾಹದಲ್ಲಿದ್ದರು.

“ಬರ್ರಿ ಸರ್, ಕುಂದರ್ರಿ. ಹೊಸಾದೊಂದು ಆ್ಯಂಟಿ-ಸ್ಪೈವೇರ್ ಹಾಕೇನ್ರಿ. ಹಾಕಿದ ದಿನಾನ ಮುನ್ನೂರು ವೈರಸ್ ಹಿಡಿದೈತಿ!”

“ಮೊದಲಿಂದು ಏನು ಹಿಡೀತಿತ್ರಿ?”

“ಅದು ಸುಮ್ನ ಕುಂತಿರ್ತಿತ್ರಿ. ಏನೂ ಹೇಳ್ತಿರಲಿಲ್ಲ. ಇದು ನೋಡ್ರಿ, ಕಟಕಟ ಅಂತ ಹೇಳತೈತಿ.”

ಆದರೆ ಹಿಡಿದದ್ದನ್ನು ತೆಗೆದುಹಾಕಬೇಕೆಂದರೆ ರೊಕ್ಕ ಕಟ್ಟಬೇಕಿತ್ತು. ಕಟ್ಟುವ ಮೊದಲು ಮಗಳು ಆ ಮುನ್ನೂರರ ಪಟ್ಟಿಯನ್ನು ಬಿಡಿಸಿ ನೋಡಿದಳು. ಬಹುಪಾಲು ಕುಕೀಗಳು, ಅಂದರೆ ನಾವು ನೋಡಿದ ಜಾಲತಾಣಗಳು ನಮ್ಮ ಬ್ರೌಸರಿನಲ್ಲಿ ಇಟ್ಟುಹೋಗುವ ಸಣ್ಣ ಗುರುತಿನ ಕಡತಗಳು. ಉಳಿದವು ಅಳಿಸಿಹೋದ ಪ್ರೋಗ್ರಾಮ್‌ಗಳ ಕಸ. ಜಾಹೀರಾತಿನವರು ಕುಕೀಗಳಿಂದ ನಮ್ಮ ಜಾಡು ಹಿಡಿಯುತ್ತಾರೆ ಎಂಬುದು ನಿಜ. ಆದರೆ ಅವು ವೈರಸ್ ಅಲ್ಲ, ಬ್ರೌಸರಿನಲ್ಲೇ ಒಂದು ಗುಂಡಿ ಒತ್ತಿ ಅಳಿಸಬಹುದು.

ನಿಜವಾದ ಅಪಾಯ ಬೇರೆ ಕಡೆ ಇತ್ತು. ವಿಂಡೋಸ್ ಜೊತೆಗೇ ಬರುವ ಡಿಫೆಂಡರ್ ಎಂಬ ಕಾವಲು ತಂತ್ರಾಂಶದಲ್ಲಿ ‘ಇವನ್ನು ಪರೀಕ್ಷಿಸಬೇಡ’ ಎಂಬ ಒಂದು ಪಟ್ಟಿ ಇರುತ್ತದೆ. ಅದರೊಳಗೆ ಇಡೀ ಸಿ ಡ್ರೈವ್ ಸೇರಿಕೊಂಡಿತ್ತು! ಕಂಪ್ಯೂಟರ್ ಜೋಡಿಸಿಕೊಟ್ಟವರು ಕಳ್ಳ ವಿಂಡೋಸ್ ಚಾಲೂ ಮಾಡಲು ಪೆನ್‌ಡ್ರೈವ್‌ನಿಂದ ಒಂದು ‘ಆ್ಯಕ್ಟಿವೇಟರ್’ ಓಡಿಸಿದ್ದರು. ಆಗಿನಿಂದ ಹಳೆಯ ಕಾವಲುಗಾರ ಸುಮ್ಮನೆ ಕುಳಿತಿದ್ದ. ಸೋಮಾರಿಯಾಗಿದ್ದಕ್ಕಲ್ಲ, ಕಣ್ಣಿಗೆ ಬಟ್ಟೆ ಕಟ್ಟಿದ್ದಕ್ಕೆ. ಕಟಕಟ ಅನ್ನುತ್ತಿದ್ದ ಹೊಸ ಕಾವಲುಗಾರನೂ ಇದರ ಬಗ್ಗೆ ಚಕಾರ ಎತ್ತಲಿಲ್ಲ.

ಗದ್ದಲ ಮಾಡುವವನಿಗೇ ಐದು ಸ್ಟಾರ್

ಒಂದು ಮಿಕ್ಸರ್ ಹೇಗಿದೆ ಎಂದು ಪಕ್ಕದ ಮನೆಯವರನ್ನು ಕೇಳಿದರೆ ಸರಿಯಾದ ಉತ್ತರವೇ ಸಿಗುತ್ತದೆ. ಚಟ್ನಿ ನುಣ್ಣಗಾಯಿತೋ ಇಲ್ಲವೋ ಅವರ ಕಣ್ಣಿಗೆ ಕಾಣುತ್ತದೆ. ಆ್ಯಂಟಿ-ಸ್ಪೈವೇರ್ ವಿಷಯ ಹಾಗಲ್ಲ. ಸ್ಪೈವೇರ್ ಅನ್ನುವುದೇ ಕಾಣಿಸಿಕೊಳ್ಳದೆ ಕೆಲಸ ಮಾಡುವ ಪ್ರೋಗ್ರಾಮ್. ನೀವು ಒತ್ತಿದ ಕೀಲಿಗಳನ್ನು ಬರೆದುಕೊಳ್ಳುತ್ತದೆ, ಬ್ರೌಸರಿನಲ್ಲಿ ಉಳಿಸಿದ ಪಾಸ್‌ವರ್ಡ್ ಕದಿಯುತ್ತದೆ, ಪರದೆಯ ಚಿತ್ರ ತೆಗೆದು ಕಳಿಸುತ್ತದೆ. ತಂತ್ರಾಂಶ ಅದನ್ನು ಹಿಡಿಯದಿದ್ದರೆ ಬಳಕೆದಾರನಿಗೆ ಗೊತ್ತಾಗುವುದೇ ಇಲ್ಲ. ‘ಎರಡು ವರ್ಷದಿಂದ ಬಳಸ್ತಿದೀನಿ, ಒಂದೂ ತೊಂದ್ರೆ ಆಗಿಲ್ಲ’ ಎಂಬ ಮಾತಿಗೆ ಎರಡು ಅರ್ಥ: ಕಳ್ಳ ಬಂದೇ ಇಲ್ಲ, ಅಥವಾ ಬಂದದ್ದು ಗೊತ್ತಾಗಿಲ್ಲ.

ಹಾಗಾಗಿ ಬಳಕೆದಾರರು ತಮಗೆ ಕಾಣುವುದಕ್ಕೆ ಅಂಕ ಕೊಡುತ್ತಾರೆ. ಕಂಪ್ಯೂಟರ್ ನಿಧಾನವಾಯಿತೇ, ಪರದೆ ಚೆನ್ನಾಗಿದೆಯೇ, ಎಷ್ಟು ‘ಹಿಡಿಯಿತು’. ತಯಾರಕರಿಗೂ ಇದು ಗೊತ್ತು. ಏನೂ ಇಲ್ಲದಾಗ ‘ಏನೂ ಇಲ್ಲ’ ಎನ್ನುವ ಪ್ರಾಮಾಣಿಕ ತಂತ್ರಾಂಶ ಮೂಲೆಗೆ ಬೀಳುತ್ತದೆ, ಕೆಂಪು ಅಕ್ಷರದಲ್ಲಿ ಮುನ್ನೂರು ಎಂದು ಕೂಗುವುದು ಮಾರಾಟವಾಗುತ್ತದೆ.

ಇದು ಬರೀ ಅನುಮಾನವಲ್ಲ. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ (ಎಫ್‌ಟಿಸಿ) 2024ರ ಮಾರ್ಚ್‌ನಲ್ಲಿ ರೆಸ್ಟೊರೊ ಮತ್ತು ರೀಇಮೇಜ್ ಎಂಬ ಸೈಪ್ರಸ್ ಮೂಲದ ಎರಡು ಕಂಪನಿಗಳ ಮೇಲೆ ಕ್ರಮ ಕೈಗೊಂಡಿತು. ಹುಸಿ ಎಚ್ಚರಿಕೆ ತೋರಿಸಿ ಹೆದರಿಸುವುದು, ‘ಉಚಿತ ಸ್ಕ್ಯಾನ್’ನಲ್ಲಿ ನೂರಾರು ದೋಷ ಕಂಡುಹಿಡಿಯುವುದು, ಮೊದಲು ತಂತ್ರಾಂಶ ಮಾರಿ ಆಮೇಲೆ ಫೋನಿನಲ್ಲಿ ‘ರಿಪೇರಿ ಸೇವೆ’ಯ ಹೆಸರಲ್ಲಿ ನೂರಾರು ಡಾಲರ್ ಕೀಳುವುದು, ಇವು ಅವರ ಮೇಲಿದ್ದ ಆರೋಪ. 2.6 ಕೋಟಿ ಡಾಲರ್ ಕಟ್ಟಲು ಅವು ಒಪ್ಪಿದವು.

ಕಾವಲುಗಾರನೇ ಮಾರಿಕೊಂಡಾಗ

ಅದು ಹೆದರಿಸಿ ವಸೂಲಿ ಮಾಡುವವರ ಕತೆಯಾಯಿತು. ಹೆಸರುವಾಸಿಗಳ ಕತೆ?

ಅವಾಸ್ಟ್ ಜಗತ್ತಿನಾದ್ಯಂತ ಕೋಟ್ಯಂತರ ಜನ ಬಳಸುವ ಆ್ಯಂಟಿವೈರಸ್. ನಮ್ಮಲ್ಲೂ ಉಚಿತ ಎಂಬ ಕಾರಣಕ್ಕೆ ಮನೆಮನೆಗೆ ಬಂದದ್ದು. ‘ನಿಮ್ಮ ಜಾಡು ಹಿಡಿಯುವವರನ್ನು ತಡೆಯುತ್ತೇವೆ’ ಎಂಬುದು ಅವರ ಭರವಸೆಯಾಗಿತ್ತು. 2024ರ ಫೆಬ್ರವರಿಯಲ್ಲಿ ಎಫ್‌ಟಿಸಿ ಹೇಳಿದ್ದೇನು? ಬಳಕೆದಾರರು ಯಾವ ತಾಣಗಳನ್ನು ನೋಡಿದರು ಎಂಬ ಮಾಹಿತಿಯನ್ನು ಅವಾಸ್ಟ್ ತನ್ನದೇ ಅಂಗಸಂಸ್ಥೆಯಾದ ಜಂಪ್‌ಶಾಟ್ ಮೂಲಕ ನೂರಕ್ಕೂ ಹೆಚ್ಚು ಸಂಸ್ಥೆಗಳಿಗೆ ಮಾರಿತ್ತು. ಸುದ್ದಿ ಹೊರಬಿದ್ದ ಮೇಲೆ 2020ರಲ್ಲಿ ಜಂಪ್‌ಶಾಟ್ ಮುಚ್ಚಿತು. ಕಂಪನಿ 1.65 ಕೋಟಿ ಡಾಲರ್ ತೆರಬೇಕಾಯಿತು. ಆರೋಗ್ಯ, ಧರ್ಮ, ರಾಜಕೀಯ ಒಲವು, ಸಾಲದ ಹುಡುಕಾಟ ಎಲ್ಲವನ್ನೂ ಆ ಮಾಹಿತಿಯಿಂದ ಊಹಿಸಬಹುದಿತ್ತು. ಬಳಕೆದಾರರ ಅಭಿಪ್ರಾಯದಲ್ಲಿ ಅವಾಸ್ಟ್ ಆ ವರ್ಷಗಳುದ್ದಕ್ಕೂ ‘ಬೆಸ್ಟ್ ಫ್ರೀ ಆ್ಯಂಟಿವೈರಸ್’ ಆಗಿಯೇ ಇತ್ತು.

ಇನ್ನೊಂದು ಪ್ರಸಂಗ ನೋಡಿ. ರಷ್ಯಾ ಮೂಲದ ಕ್ಯಾಸ್ಪರ್‌ಸ್ಕಿಯ ಮಾರಾಟವನ್ನು ಅಮೆರಿಕ 2024ರಲ್ಲಿ ನಿಷೇಧಿಸಿತು. ಆ ಸೆಪ್ಟೆಂಬರ್‌ನಲ್ಲಿ ಅಲ್ಲಿನ ಅನೇಕ ಗ್ರಾಹಕರು ಕಂಪ್ಯೂಟರ್ ತೆರೆದಾಗ ಕ್ಯಾಸ್ಪರ್‌ಸ್ಕಿ ಇರಲಿಲ್ಲ, ಅದರ ಜಾಗದಲ್ಲಿ ಅಲ್ಟ್ರಾಎವಿ ಎಂಬ ಹೆಸರೇ ಕೇಳದ ಹೊಸ ತಂತ್ರಾಂಶ ತಾನಾಗಿಯೇ ಬಂದು ಕುಳಿತಿತ್ತು. ಇಮೇಲ್‌ನಲ್ಲಿ ತಿಳಿಸಿದ್ದೆವು ಎಂಬುದು ಕಂಪನಿಯ ಸಮಜಾಯಿಷಿ. ಮನೆಯ ಕೀಲಿಕೈ ಒಬ್ಬನಿಗೆ ಕೊಟ್ಟಿದ್ದೆವು, ಬೆಳಗ್ಗೆ ಎದ್ದಾಗ ಬಾಗಿಲಲ್ಲಿ ಬೇರೆಯವನು!

ಈ ಮೂರೂ ಕತೆಗಳ ಬೇರು ಒಂದೇ. ಇಂಥ ತಂತ್ರಾಂಶ ಕಂಪ್ಯೂಟರಿನ ಪ್ರತಿ ಕಡತವನ್ನು ಓದಬಲ್ಲದು, ಬ್ರೌಸರಿನ ಸಂಚಾರ ನೋಡಬಲ್ಲದು, ಬೇರೆ ಪ್ರೋಗ್ರಾಮ್‌ಗಳನ್ನು ನಿಲ್ಲಿಸಬಲ್ಲದು. ಇಷ್ಟು ಅಧಿಕಾರ ಇಲ್ಲದೆ ಅದು ಕೆಲಸ ಮಾಡಲಾರದು. ಅಷ್ಟು ಅಧಿಕಾರ ಕೊಟ್ಟ ಮೇಲೆ ಅದೇ ಗೂಢಚಾರನಾದರೆ ತಡೆಯಲು ಮನೆಯಲ್ಲಿ ಇನ್ಯಾರೂ ಇಲ್ಲ. ಹಾಗಾಗಿ ಹೊಸ ಆ್ಯಂಟಿ-ಸ್ಪೈವೇರ್ ‘ಸುಮ್ನೆ ಟ್ರೈ ಮಾಡಿ ನೋಡೋಣ’ ಅನ್ನುವ ವಸ್ತುವಲ್ಲ.

ಓದಲಾಗದ ಭಾಷೆಯಲ್ಲಿ ಒಪ್ಪಿಗೆ

ಅವಾಸ್ಟ್ ಬಳಕೆದಾರರು ಅಷ್ಟು ವರ್ಷ ಒಪ್ಪಿಗೆಯ ಗುಂಡಿ ಒತ್ತಿದ್ದು ಯಾಕೆ? ಷರತ್ತುಗಳನ್ನು ಯಾರೂ ಓದುವುದಿಲ್ಲ. ನಮ್ಮ ಓಣಿಯಲ್ಲಿ ಇನ್ನೂ ಒಂದು ತೊಡಕು: ಓದಬೇಕೆಂದರೂ ಅದು ಇಂಗ್ಲಿಷಿನಲ್ಲಿ, ಅದೂ ವಕೀಲರ ಇಂಗ್ಲಿಷಿನಲ್ಲಿ. ‘ಅಲ್ಲೆ ಏನ ಬಂದರೂ ಓಕೆ ಒತ್ತೂದ್ರಿ, ಇಲ್ಲಾಂದ್ರ ಮುಂದಕ್ಕ ಹೋಗೂದಿಲ್ಲ’ ಎಂದು ಆ ಯಜಮಾನರು ಹೇಳಿದ್ದು ಅವರೊಬ್ಬರ ಮಾತಲ್ಲ.

ನಮ್ಮ ಕಾನೂನು ಇದಕ್ಕೊಂದು ಬಾಗಿಲು ತೆರೆದಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ, ಒಪ್ಪಿಗೆ ಕೇಳುವ ಸೂಚನೆಯನ್ನು ಇಂಗ್ಲಿಷ್ ಅಥವಾ ಸಂವಿಧಾನದ ಎಂಟನೇ ಅನುಸೂಚಿಯ 22 ಭಾಷೆಗಳಲ್ಲಿ ತಮಗೆ ಬೇಕಾದುದರಲ್ಲಿ ಓದುವ ಆಯ್ಕೆ ಜನರಿಗೆ ಇರಬೇಕು. ಕನ್ನಡವೂ ಅದರಲ್ಲಿದೆ. ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಕಂಪನಿಗಳ ಮುಖ್ಯ ಹೊಣೆಗಾರಿಕೆಗಳು ಜಾರಿಗೆ ಬರಲು 18 ತಿಂಗಳ ಕಾಲಾವಕಾಶ ಕೊಡಲಾಗಿದೆ. ಆ ಗಡುವು ಮುಗಿಯುವ ಹೊತ್ತಿಗೆ ನಮ್ಮ ರಾಜ್ಯ ಸರ್ಕಾರ, ಕನ್ನಡ ಅಭಿವೃದ್ಧಿ ಪ್ರಾಧಿಕಾರ, ಕನ್ನಡ ಸಂಘಟನೆಗಳು ಒತ್ತಾಯಿಸಬೇಕಾದ್ದು ಬರೀ ಅಂಗಡಿ ಬೋರ್ಡಿನ ಕನ್ನಡವನ್ನಲ್ಲ. ‘ನಿಮ್ಮ ಮಾಹಿತಿಯನ್ನು ಇಂಥವರಿಗೆ ಕೊಡುತ್ತೇವೆ, ಒಪ್ಪುತ್ತೀರಾ?’ ಎಂಬ ಪ್ರಶ್ನೆಯ ಕನ್ನಡವನ್ನೂ ಒತ್ತಾಯಿಸಬೇಕು. ಬೋರ್ಡ್ ಓದಲಾಗದಿದ್ದರೆ ಅಂಗಡಿ ತಪ್ಪುತ್ತದೆ. ಈ ಪ್ರಶ್ನೆ ಓದಲಾಗದಿದ್ದರೆ ಮನೆಯೇ ಬಯಲಾಗುತ್ತದೆ.

ಹಾಗಾದರೆ ಏನು ಮಾಡೋಣ?

ಮೊದಲನೆಯದು, ಇರುವ ಕಾವಲುಗಾರನ ಕಣ್ಣುಬಟ್ಟೆ ಬಿಚ್ಚಿ. ವಿಂಡೋಸ್ 10 ಮತ್ತು 11ರಲ್ಲಿ ಡಿಫೆಂಡರ್ ಉಚಿತವಾಗಿಯೇ ಇದೆ. ಮೈಕ್ರೋಸಾಫ್ಟ್ 2004ರಲ್ಲಿ ಜಯಂಟ್ ಎಂಬ ಕಂಪನಿಯ ಆ್ಯಂಟಿ-ಸ್ಪೈವೇರ್ ಕೊಂಡು ಬೆಳೆಸಿದ್ದು ಅದನ್ನೇ. ಅದು ಚಾಲೂ ಇದೆಯೇ, ವಿನಾಯಿತಿ ಪಟ್ಟಿಯಲ್ಲಿ ನೀವು ಹಾಕದ ಹೆಸರು ಇದೆಯೇ ನೋಡಿ. ಎರಡು ಆ್ಯಂಟಿವೈರಸ್ ಒಟ್ಟಿಗೆ ಇಟ್ಟರೆ ಎರಡು ಪಟ್ಟು ರಕ್ಷಣೆ ಸಿಗುವುದಿಲ್ಲ, ಒಂದರ ಕಾಲು ಇನ್ನೊಂದಕ್ಕೆ ತೊಡರುತ್ತದೆ.

ಎರಡನೆಯದು, ಅಪ್‌ಡೇಟ್. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ರಂದು ಸಾಮಾನ್ಯ ಬೆಂಬಲ ನಿಲ್ಲಿಸಿತು. ಮನೆಬಳಕೆಯವರು ಹೆಸರು ನೋಂದಾಯಿಸಿಕೊಂಡರೆ 2026ರ ಅಕ್ಟೋಬರ್ 13ರವರೆಗೆ ಭದ್ರತಾ ಅಪ್‌ಡೇಟ್ ಪಡೆಯುವ ಅವಕಾಶವನ್ನು ಆಗ ಕೊಟ್ಟಿತು. ಗೋಡೆಯೇ ಬಿರುಕು ಬಿಟ್ಟಿರುವಾಗ ಬಾಗಿಲಿಗೆ ಹೊಸ ಕಾವಲುಗಾರನನ್ನು ಇಟ್ಟರೆ ಏನು ಪ್ರಯೋಜನ? ಹಳೆಯ ಕಂಪ್ಯೂಟರ್ ವಿಂಡೋಸ್ 11ಕ್ಕೆ ಒಗ್ಗದಿದ್ದರೆ ಉಬುಂಟು ಅಥವಾ ಮಿಂಟ್‌ನಂಥ ಉಚಿತ ಲಿನಕ್ಸ್ ಹಾಕಿಕೊಳ್ಳಬಹುದು. ಕನ್ನಡ ಯುನಿಕೋಡ್ ಟೈಪಿಂಗಿಗೂ ಅದರಲ್ಲಿ ಅಡ್ಡಿಯಿಲ್ಲ.

ಮೂರನೆಯದು, ಬಾಗಿಲು ಯಾವುದು ಎಂದು ತಿಳಿಯಿರಿ. ನಮ್ಮ ಮನೆಗಳಿಗೆ ಸ್ಪೈವೇರ್ ಬರುವುದು ಹೆಚ್ಚಾಗಿ ನಾವೇ ಕರೆತಂದಾಗ: ಕ್ರ್ಯಾಕ್ ಮಾಡಿದ ಫೋಟೊಶಾಪ್, ಕಳ್ಳ ಟ್ಯಾಲಿ, ಅಪರಿಚಿತ ತಾಣದಿಂದ ಇಳಿಸಿದ ಫಾಂಟ್. ಕನ್ನಡ ಗಣಕ ಪರಿಷತ್ತಿನ ‘ನುಡಿ’ ಉಚಿತವಾಗಿ ಸಿಗುವಾಗ ಅದನ್ನೂ ಯಾವುದೋ ಅಡ್ಡದಾರಿಯ ತಾಣದಿಂದ ಇಳಿಸಿಕೊಳ್ಳುವವರಿದ್ದಾರೆ. ‘ಇದನ್ನು ಹಾಕುವ ಮೊದಲು ಆ್ಯಂಟಿವೈರಸ್ ಆಫ್ ಮಾಡಿ’ ಎಂದು ಯಾರೇ ಹೇಳಲಿ, ಅಲ್ಲಿಗೇ ನಿಲ್ಲಿಸಿ.

ನಾಲ್ಕನೆಯದು, ಹೊಸದು ಬೇಕೇ ಬೇಕಾದರೆ ಸ್ಟಾರ್ ಎಣಿಸಬೇಡಿ. ಜರ್ಮನಿಯ ಎವಿ-ಟೆಸ್ಟ್, ಆಸ್ಟ್ರಿಯಾದ ಎವಿ-ಕಂಪ್ಯಾರಟಿವ್ಸ್ ಎಂಬ ಪ್ರಯೋಗಾಲಯಗಳು ನಿಜವಾದ ಮಾಲ್‌ವೇರ್ ಬಿಟ್ಟು ಪರೀಕ್ಷೆ ಮಾಡುತ್ತವೆ. ಹಿಡಿದದ್ದರ ಜೊತೆಗೆ ಬಿಟ್ಟದ್ದನ್ನೂ, ಒಳ್ಳೆಯದನ್ನು ಕೆಟ್ಟದ್ದೆಂದು ತಪ್ಪಾಗಿ ಹಿಡಿದದ್ದನ್ನೂ ಎಣಿಸುತ್ತವೆ. ಬಳಕೆದಾರನ ಕಣ್ಣಿಗೆ ಕಾಣದ ಅಂಕಣ ಅದೇ. ಶುಚಿ ಮಾಡಲು ಕೇಂದ್ರ ಸರ್ಕಾರದ ಸರ್ಟ್-ಇನ್ 2017ರಲ್ಲಿ ಶುರುಮಾಡಿದ ಸೈಬರ್ ಸ್ವಚ್ಛತಾ ಕೇಂದ್ರದ ತಾಣದಲ್ಲಿ ಉಚಿತ ಸಾಧನಗಳಿವೆ.

ರೊಕ್ಕ ಹೋದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ. ಹುಬ್ಬಳ್ಳಿ-ಧಾರವಾಡ ಕಮಿಷನರೇಟಿನಲ್ಲಿ ಸೈಬರ್ ಅಪರಾಧಗಳನ್ನು ನೋಡಿಕೊಳ್ಳುವ ಠಾಣೆ ಇದೆ. ಸ್ಪೈವೇರ್ ಹಾಕುವವರು ಹೊರಗಿನವರೇ ಆಗಬೇಕಿಲ್ಲ ಎಂಬುದೂ ನೆನಪಿರಲಿ. ಗಂಡ ಹೆಂಡತಿಯ ಕಂಪ್ಯೂಟರಿಗೆ ಗುಟ್ಟಾಗಿ ಕೀಲಿ ದಾಖಲಿಸುವ ಪ್ರೋಗ್ರಾಮ್ ಹಾಕಿದರೆ ಅದು ಮನೆಯ ಸಂಗತಿ ಅಲ್ಲ. ಅನುಮತಿಯಿಲ್ಲದೆ ಮಾಹಿತಿ ಕದಿಯುವುದು ಐಟಿ ಕಾಯ್ದೆಯ 43 ಮತ್ತು 66ನೇ ಕಲಮಿನಡಿ ಅಪರಾಧ, ಮೂರು ವರ್ಷದವರೆಗೂ ಶಿಕ್ಷೆ ಇದೆ.

ಓಣಿಗೊಂದು ಕಂಪ್ಯೂಟರ್ ದವಾಖಾನೆ

ಇಷ್ಟೆಲ್ಲವನ್ನೂ ಒಬ್ಬೊಬ್ಬರೇ ಮಾಡಿಕೊಳ್ಳಿ ಎನ್ನುವುದು ಸುಲಭ. ನಮ್ಮ ಪರಿಚಯದವರ ಮನೆಯಲ್ಲಿ ಮಗಳಿದ್ದಳು. ಮಗಳಿಲ್ಲದ ಮನೆಗಳ ಗತಿ? ರಾಜ್ಯ ಸರ್ಕಾರ 2024ರಲ್ಲಿ ಸೈಬರ್ ಭದ್ರತಾ ನೀತಿ ತಂದಿತು, ಅದರಲ್ಲಿ ಜಾಗೃತಿ, ಶಿಕ್ಷಣದ ಮಾತೂ ಇದೆ. ಆ ಜಾಗೃತಿ ಪೋಸ್ಟರಿಗೆ, ರೀಲ್ಸಿಗೆ ಮುಗಿಯಬಾರದು. ವಿದ್ಯಾನಗರದ ಎಂಜಿನಿಯರಿಂಗ್ ವಿದ್ಯಾರ್ಥಿಗಳು ತಿಂಗಳಿಗೊಂದು ಭಾನುವಾರ ಹಳೇ ಹುಬ್ಬಳ್ಳಿಯ ಗ್ರಂಥಾಲಯದಲ್ಲೋ ಸರ್ಕಾರಿ ಶಾಲೆಯಲ್ಲೋ ಕುಳಿತು, ತಂದವರ ಕಂಪ್ಯೂಟರ್ ನೋಡಿ, ಕನ್ನಡದಲ್ಲಿ ಹೇಳಿಕೊಟ್ಟರೆ ಎಷ್ಟು ಖರ್ಚಾದೀತು? ಪಾಲಿಕೆ ಒಂದು ಕೋಣೆ ಕೊಡಲಿ, ಪೊಲೀಸರು ಒಬ್ಬ ಸಿಬ್ಬಂದಿ ಕಳಿಸಲಿ. ಓಣಿಯ ಆಧಾರ್ ಪ್ರತಿಗಳು ಒಂದು ಮನೆಯ ಕಂಪ್ಯೂಟರಿನಲ್ಲಿ ಇರುವಾಗ ಅದರ ಕಾವಲು ಆ ಮನೆಯೊಂದರ ಹೊರೆ ಆಗಬಾರದು.

ಮೊನ್ನೆ ಮತ್ತೆ ಪ್ರಿಂಟಿಗೆ ಹೋಗಿದ್ದೆ. ಮುನ್ನೂರು ಹಿಡಿದ ತಂತ್ರಾಂಶ ಈಗ ಇಲ್ಲ. ಮಗಳು ಲೈಸೆನ್ಸ್ ಇರುವ ವಿಂಡೋಸ್ ಹಾಕಿಸಿದ್ದಾಳೆ, ಸ್ಕ್ಯಾನ್ ಆದ ಆಧಾರ್ ಪ್ರತಿಗಳನ್ನು ದಿನದ ಕೊನೆಗೆ ಅಳಿಸುವ ರೂಢಿ ಮಾಡಿಸಿದ್ದಾಳೆ. “ಹೆಂಗ ನಡದೈತ್ರಿ?” ಎಂದು ಕೇಳಿದೆ.

“ಏನೂ ಹೇಳೂದಿಲ್ರಿ, ಸುಮ್ನ ಕುಂತೈತಿ,” ಎಂದರು. ಈ ಸಲ ಆ ಮಾತಿನಲ್ಲಿ ದೂರು ಇರಲಿಲ್ಲ.