ದಿಲ್ಲಿಯ ನಕಾಶೆಯನ್ನು ಬರೆದವರು ಯಾರು?

ದಿಲ್ಲಿಯೆಂದರೆ ನಮ್ಮಲ್ಲಿ ಹೆಚ್ಚಿನವರಿಗೆ ಪಾರ್ಲಿಮೆಂಟು, ಕೆಂಪುಕೋಟೆ ಮತ್ತು ಜಾಮಾ ಮಸೀದಿ. ಸುದ್ದಿಗಳಲ್ಲಿ ಕಾಣಿಸುವ ದಿಲ್ಲಿ ಒಂದೇ. ಆದರೆ ಅಲ್ಲಿಯೇ ಹುಟ್ಟಿ, ಅಲ್ಲಿಯೇ ದುಡಿದು, ಅಲ್ಲಿಯೇ ಮಣ್ಣಾಗುವ ಜನಸಾಮಾನ್ಯನಿಗೆ ದಿಲ್ಲಿ ಒಂದಲ್ಲ. ಅವನ ಮನೆ ಯಾವ ಗೆರೆಯ ಈಚೆಗಿದೆ, ಯಾವ ಗೆರೆಯ ಆಚೆಗಿದೆ ಎಂಬುದರ ಮೇಲೆ ಅವನ ಓಣಿಯ ಕಸ ಎತ್ತಲ್ಪಡುತ್ತದೆಯೋ ಇಲ್ಲವೋ ಎಂಬುದು ನಿರ್ಧಾರವಾಗುತ್ತದೆ. ಈ ಗೆರೆಗಳನ್ನು ಎಳೆದವರು ಯಾರು? ಯಾರನ್ನು ಕೇಳಿ ಎಳೆದರು? ಯಾರ ಅನುಕೂಲಕ್ಕಾಗಿ ಅಳಿಸಿದರು? ಈ ಪ್ರಶ್ನೆಗಳನ್ನು ನಾವು ಎತ್ತಲೇಬೇಕಾಗಿದೆ. ಏಕೆಂದರೆ ದೇಶದ ರಾಜಧಾನಿಯಲ್ಲಿ ಪ್ರಯೋಗವಾದದ್ದು ರಾಜ್ಯಗಳ ರಾಜಧಾನಿಗಳಿಗೆ ಬರಲು ಹೆಚ್ಚು ಕಾಲ ಬೇಕಾಗುವುದಿಲ್ಲ.

ಮೊದಲು ವ್ಯವಸ್ಥೆಯನ್ನು ನೋಡೋಣ. ಸುಮಾರು 1483 ಚದರ ಕಿಲೋಮೀಟರ್ ವಿಸ್ತಾರದ ದಿಲ್ಲಿಯಲ್ಲಿ ಸ್ಥಳೀಯ ಆಡಳಿತ ಮೂರು ಪಾಲಾಗಿದೆ. ರಾಷ್ಟ್ರಪತಿ ಭವನ, ಪಾರ್ಲಿಮೆಂಟು, ಸಚಿವರ ಬಂಗಲೆಗಳು, ರಾಯಭಾರ ಕಚೇರಿಗಳಿರುವ ಸುಮಾರು 43 ಚದರ ಕಿಲೋಮೀಟರ್ ಪ್ರದೇಶ ಹೊಸದಿಲ್ಲಿ ನಗರಾಡಳಿತ ಮಂಡಳಿಯ ಕೈಯಲ್ಲಿದೆ. 2011ರ ಜನಗಣತಿಯಂತೆ ಅಲ್ಲಿ ವಾಸಿಸುತ್ತಿದ್ದವರು ಎರಡೂವರೆ ಲಕ್ಷದಷ್ಟು ಮಂದಿ. ಅಷ್ಟೇ ವಿಸ್ತಾರದ ಇನ್ನೊಂದು ಭಾಗ ಸೇನೆಯ ದಂಡು ಮಂಡಳಿಗೆ ಸೇರಿದೆ. ಉಳಿದದ್ದೆಲ್ಲ, ಅಂದರೆ ಸುಮಾರು ಒಂದು ಕೋಟಿ 64 ಲಕ್ಷ ಜನ ವಾಸಿಸುತ್ತಿದ್ದ ಮಹಾಸಾಗರ, ದಿಲ್ಲಿ ಮಹಾನಗರ ಪಾಲಿಕೆಯ ಪಾಲು. ಈ ಪಾಲಿಕೆಯನ್ನು ಹನ್ನೆರಡು ವಲಯಗಳಾಗಿಯೂ ವಲಯಗಳನ್ನು ವಾರ್ಡುಗಳಾಗಿಯೂ ವಿಂಗಡಿಸಲಾಗಿದೆ. ಹಳೆಯ ದಿಲ್ಲಿ ಒಂದು ವಲಯದಲ್ಲಿದ್ದರೆ, ಜಾಮಿಯಾ ನಗರ ಇನ್ನೊಂದರಲ್ಲಿ, ಯಮುನೆಯಾಚೆಯ ಸೀಲಂಪುರ, ಜಾಫರಾಬಾದ್, ಮುಸ್ತಫಾಬಾದ್‌ಗಳು ಮತ್ತೊಂದರಲ್ಲಿವೆ.

ಇದಕ್ಕೆ ಅಡ್ಡಲಾಗಿ ಕಂದಾಯ ಜಿಲ್ಲೆಗಳಿವೆ. 1997ರಲ್ಲಿ ಒಂಬತ್ತು, 2012ರಲ್ಲಿ ಹನ್ನೊಂದು. ಅವುಗಳ ಗಡಿ ಪಾಲಿಕೆಯ ವಲಯಗಳ ಗಡಿಗೆ ಹೊಂದುತ್ತಿರಲಿಲ್ಲ. ಅದನ್ನು ಸರಿಪಡಿಸುತ್ತೇವೆಂದು 2025ರ ಡಿಸೆಂಬರಿನಲ್ಲಿ ದಿಲ್ಲಿಯ ಸಚಿವ ಸಂಪುಟ ಹದಿಮೂರು ಜಿಲ್ಲೆಗಳಿಗೆ ಒಪ್ಪಿಗೆ ನೀಡಿತು. ಅಂದರೆ ಇಷ್ಟೂ ವರ್ಷ ಜನರು ಒಂದು ಕಚೇರಿಯಿಂದ ಇನ್ನೊಂದಕ್ಕೆ ಅಲೆದದ್ದು ವ್ಯರ್ಥವೆಂದು ಸರಕಾರವೇ ಒಪ್ಪಿಕೊಂಡಂತಾಯಿತು. ಭೂಮಿ ದಿಲ್ಲಿ ಅಭಿವೃದ್ಧಿ ಪ್ರಾಧಿಕಾರದ್ದು, ಪೊಲೀಸರು ಕೇಂದ್ರ ಗೃಹ ಸಚಿವಾಲಯದವರು, ನೀರು ಜಲ ಮಂಡಳಿಯದ್ದು. ಅರುವತ್ತು ಅಡಿ ಮತ್ತು ಅದಕ್ಕಿಂತ ಅಗಲದ ರಸ್ತೆಗಳನ್ನು 2012ರಲ್ಲಿ ಲೋಕೋಪಯೋಗಿ ಇಲಾಖೆಗೆ ಕೊಡಲಾಯಿತು, ಕಿರಿದಾದವು ಪಾಲಿಕೆಯಲ್ಲುಳಿದವು. ಮಗು ಐದನೇ ತರಗತಿಯವರೆಗೆ ಪಾಲಿಕೆಯ ಶಾಲೆಯಲ್ಲಿ ಕಲಿತು, ಆರನೇ ತರಗತಿಗೆ ದಿಲ್ಲಿ ಸರಕಾರದ ಶಾಲೆಗೆ ಹೋಗಬೇಕು. ಬಡ ತಾಯಿಯೊಬ್ಬಳು ತನ್ನ ಓಣಿಯ ಚರಂಡಿ ಉಕ್ಕಿ ಹರಿಯುತ್ತಿದೆಯೆಂದು ದೂರಬೇಕಾದರೆ ಮೊದಲು ರಸ್ತೆಯ ಅಗಲವನ್ನು ಅಳೆಯಬೇಕು!

ಈ ಗೋಜಲನ್ನು ಕೆಲವರು ಆಡಳಿತದ ಅದಕ್ಷತೆಯೆಂದು ಕರೆದು ಸುಮ್ಮನಾಗುತ್ತಾರೆ. ನಾವು ಅದನ್ನು ಒಪ್ಪುವುದಿಲ್ಲ. ಅದಕ್ಷತೆಯಾಗಿದ್ದರೆ ಅದು ಎಲ್ಲರನ್ನೂ ಸಮಾನವಾಗಿ ಕಾಡಬೇಕಿತ್ತು. ಹೊಸದಿಲ್ಲಿಯ ವಿಶಾಲ ರಸ್ತೆಗಳ ಬದಿಯಲ್ಲಿ ಅದು ಏಕೆ ಕಾಣಿಸುವುದಿಲ್ಲ? ಆ ಮಂಡಳಿಗೆ ಚುನಾವಣೆಯೇ ಇಲ್ಲ. ಅಧ್ಯಕ್ಷರನ್ನು ಕೇಂದ್ರ ಸರಕಾರ ನೇಮಿಸುತ್ತದೆ, ಸದಸ್ಯರು ಪದನಿಮಿತ್ತವಾಗಿ ಬಂದವರು ಇಲ್ಲವೇ ನಾಮನಿರ್ದೇಶಿತರು. ಆದರೂ ಅಲ್ಲಿ ಎಲ್ಲವೂ ಸುಸೂತ್ರ. ಏಕೆಂದರೆ ಅಲ್ಲಿ ವಾಸಿಸುವವರೇ ಆಳುವವರು. ಇತ್ತ ಪಾಲಿಕೆಯ ಪ್ರದೇಶದಲ್ಲಿ ಮತದಾನವಿದೆ, ಮೇಯರ್ ಇದ್ದಾರೆ. ಆದರೆ ಮೇಯರ್ ಅವಧಿ ಒಂದೇ ವರ್ಷ. ಕೀಲಿಕೈ ಇರುವ ಕಮಿಷನರ್ ಕೇಂದ್ರದಿಂದ ನೇಮಕವಾದವರು. ಅಧಿಕಾರವಿರುವವನು ಜನರಿಗೆ ಉತ್ತರದಾಯಿಯಲ್ಲ, ಉತ್ತರ ಹೇಳಬೇಕಾದವನಿಗೆ ಅಧಿಕಾರವಿಲ್ಲ.

ಯಮುನೆಯಾಚೆಯ ಕಥೆಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ತುರ್ತುಪರಿಸ್ಥಿತಿಯ ಕಾಲದಲ್ಲಿ, 1976ರ ಏಪ್ರಿಲಿನಲ್ಲಿ, ಹಳೆಯ ದಿಲ್ಲಿಯ ತುರ್ಕ್‌ಮಾನ್ ಗೇಟ್‌ನಲ್ಲಿ ಬುಲ್‌ಡೋಜರ್ ಹಾಯಿಸಲಾಯಿತು. ತಡೆದವರ ಮೇಲೆ ಗುಂಡು ಹಾರಿತು. ಮನೆ ಕಳಕೊಂಡವರನ್ನು ಲಾರಿಗಳಲ್ಲಿ ತುಂಬಿ ನದಿಯಾಚೆಯ ತ್ರಿಲೋಕ್‌ಪುರಿ, ನಂದ್‌ನಗರಿಯಂತಹ ಬಯಲುಗಳಿಗೆ ಸಾಗಿಸಲಾಯಿತು. ಅದಕ್ಕೂ ಮೊದಲು, 60ರ ದಶಕದಿಂದಲೇ, ಗುಡಿಸಲುಗಳಿಂದ ಎಬ್ಬಿಸಲ್ಪಟ್ಟವರನ್ನು ಸೀಲಂಪುರದಲ್ಲಿ ನೆಲೆಗೊಳಿಸಲಾಗಿತ್ತು. ನಗರದ ಒಳಗೆ ಬೇಡವಾದವರನ್ನೆಲ್ಲ ದಶಕಗಳ ಕಾಲ ಆ ದಡಕ್ಕೆ ತಳ್ಳಿದ್ದು ಸರಕಾರವೇ. 2011ರ ಜನಗಣತಿ ನಡೆದಾಗ ಈಶಾನ್ಯ ದಿಲ್ಲಿ ಜಿಲ್ಲೆಯಲ್ಲಿ ಒಂದು ಚದರ ಕಿಲೋಮೀಟರಿಗೆ 36 ಸಾವಿರಕ್ಕೂ ಮಿಕ್ಕಿ ಜನರಿದ್ದರು, ದೇಶದ ಎಲ್ಲ ಜಿಲ್ಲೆಗಳಲ್ಲಿ ಇದೇ ಅತ್ಯಧಿಕ. ಅವರಲ್ಲಿ ಶೇಕಡಾ 29ರಷ್ಟು ಮುಸ್ಲಿಮರು.

ಹೀಗೆ ಬಡವರನ್ನು ಒಂದೆಡೆ ಗುಡ್ಡೆ ಹಾಕಿದ ಬಳಿಕ 2012ರಲ್ಲಿ ಏನು ಮಾಡಿದರು? ಶೀಲಾ ದೀಕ್ಷಿತ್ ಸರಕಾರ ಪಾಲಿಕೆಯನ್ನು ಮೂರಾಗಿ ಒಡೆಯಿತು. ಉತ್ತರಕ್ಕೆ 104 ವಾರ್ಡು, ದಕ್ಷಿಣಕ್ಕೆ 104, ಪೂರ್ವಕ್ಕೆ 64. ಆಡಳಿತವನ್ನು ಜನರ ಬಳಿಗೆ ಒಯ್ಯುತ್ತೇವೆ ಎಂಬುದು ಘೋಷಣೆ. ವಾಸ್ತವದಲ್ಲಿ ಗ್ರೇಟರ್ ಕೈಲಾಶ್, ಹೌಜ್ ಖಾಸ್, ವಸಂತ್ ಕುಂಜ್‌ನಂತಹ ಶ್ರೀಮಂತ ಬಡಾವಣೆಗಳ ಆಸ್ತಿ ತೆರಿಗೆ ದಕ್ಷಿಣದ ಬೊಕ್ಕಸಕ್ಕೆ ಹೋಯಿತು. ಯಮುನೆಯಾಚೆಯ ಪೂರ್ವ ಪಾಲಿಕೆಗೆ ಸಿಕ್ಕಿದ್ದು ಅನಧಿಕೃತ ಬಡಾವಣೆಗಳು, ಪುನರ್ವಸತಿ ಕಾಲೊನಿಗಳು ಮತ್ತು ಗಾಜೀಪುರದ ಕಸದ ಬೆಟ್ಟ. ಇನ್ನು ನಿಮ್ಮ ದುಡಿಮೆಯಲ್ಲಿ ನೀವೇ ಬದುಕಿಕೊಳ್ಳಿ ಎಂದು ಬಡ ತಮ್ಮನನ್ನು ಮನೆಯಿಂದ ಪಾಲು ಮಾಡಿ ಕಳುಹಿಸಿದಂತಾಯಿತು.

ಪರಿಣಾಮವನ್ನು ಊಹಿಸಲು ಅರ್ಥಶಾಸ್ತ್ರ ಓದಿರಬೇಕಾಗಿಲ್ಲ. ಪೌರಕಾರ್ಮಿಕರಿಗೆ ತಿಂಗಳುಗಟ್ಟಲೆ ಸಂಬಳ ಸಿಗಲಿಲ್ಲ. 2015ರಲ್ಲಿ, 2016ರಲ್ಲಿ, ಮತ್ತೆ 2017ರಲ್ಲಿ ಮುಷ್ಕರಗಳು ನಡೆದವು. ರಸ್ತೆಗಳಲ್ಲಿ ಕಸ ರಾಶಿಬಿತ್ತು. ಕೇಂದ್ರ, ದಿಲ್ಲಿ ಸರಕಾರ, ಪಾಲಿಕೆ ಮೂರೂ ಪರಸ್ಪರ ಬೆಟ್ಟು ತೋರಿಸಿದವು. ಇಡೀ ನಗರದ ಕೊಳೆಯನ್ನು ತಲೆಮಾರುಗಳಿಂದ ಹೊರುತ್ತಾ ಬಂದಿರುವ ದಲಿತ ಸಮುದಾಯದ ಕಾರ್ಮಿಕರು ತಮ್ಮ ಸಂಬಳಕ್ಕಾಗಿ ಬೀದಿಗಿಳಿಯಬೇಕಾಯಿತು. 2017ರ ಸೆಪ್ಟೆಂಬರ್ 1ರಂದು ಗಾಜೀಪುರದ ಕಸದ ಬೆಟ್ಟ ಕುಸಿದು ಇಬ್ಬರು ಸತ್ತರು. ಸಾವಿಗೂ ಗಡಿರೇಖೆಗೂ ಸಂಬಂಧವಿಲ್ಲವೆಂದು ಹೇಳುವವರು ಹೇಳಲಿ.

ಹತ್ತು ವರ್ಷಗಳ ಬಳಿಕ, 2022ರಲ್ಲಿ, ಕೇಂದ್ರದ ಬಿಜೆಪಿ ಸರಕಾರ ಪಾರ್ಲಿಮೆಂಟಿನಲ್ಲಿ ಮಸೂದೆ ತಂದು ಮೂರನ್ನೂ ಮತ್ತೆ ಒಂದು ಮಾಡಿತು. ವಿಭಜನೆಯು ಪ್ರದೇಶದ ದೃಷ್ಟಿಯಿಂದಲೂ ಆದಾಯದ ದೃಷ್ಟಿಯಿಂದಲೂ ಅಸಮಾನವಾಗಿತ್ತು ಎಂದು ಮಸೂದೆಯೇ ಹೇಳಿತು. ಸಂತೋಷ! ಆದರೆ ಒಡೆಯುವಾಗ ಕಾಂಗ್ರೆಸ್ ಜನರನ್ನು ಕೇಳಲಿಲ್ಲ, ಕೂಡಿಸುವಾಗ ಬಿಜೆಪಿ ಕೇಳಲಿಲ್ಲ. ಅದೂ ಮೂರೂ ಪಾಲಿಕೆಗಳಿಗೆ ಚುನಾವಣೆ ಘೋಷಣೆಯಾಗಬೇಕಾದ ಹೊತ್ತಿನಲ್ಲೇ ಈ ಮಸೂದೆ ಬಂತು. ಮತದಾನ ಡಿಸೆಂಬರ್ 4ಕ್ಕೆ ಹೋಯಿತು. ಅಲ್ಲಿಯವರೆಗೆ ವಿಶೇಷಾಧಿಕಾರಿಯ ಆಳ್ವಿಕೆ. 272 ಇದ್ದ ವಾರ್ಡುಗಳು 250ಕ್ಕೆ ಇಳಿದವು. ಜನಸಂಖ್ಯೆ ಬೆಳೆಯುತ್ತಿರುವ ನಗರದಲ್ಲಿ ಜನಪ್ರತಿನಿಧಿಗಳ ಸಂಖ್ಯೆ ಕಡಿಮೆಯಾಗುವುದು ಯಾವ ಪ್ರಜಾಸತ್ತೆಯ ಲೆಕ್ಕಾಚಾರ? ಹೊಸ ವಾರ್ಡುಗಳಾದರೂ ಸಮಾನವೇ? ಸರಾಸರಿ 65 ಸಾವಿರ ಎನ್ನಲಾದರೂ, ಸುಮಾರು 35 ಸಾವಿರ ಜನರ ಚಾಂದನಿ ಚೌಕಕ್ಕೂ 90 ಸಾವಿರಕ್ಕೂ ಮಿಕ್ಕಿದ ಮಯೂರ್ ವಿಹಾರಕ್ಕೂ ಒಬ್ಬೊಬ್ಬರೇ ಸದಸ್ಯರು. ಮುಸ್ಲಿಮರೂ ದಲಿತರೂ ಹೆಚ್ಚಾಗಿರುವ ಕಡೆ ಗೆರೆಗಳು ವಕ್ರವಾಗಿವೆ ಎಂಬ ಆರೋಪವೂ ಆಗ ಕೇಳಿಬಂತು.

ಇಷ್ಟಾದರೂ ಗೆದ್ದವರಿಗೆ ಆಳಲು ಬಿಟ್ಟರೇ? ಲೆಫ್ಟಿನೆಂಟ್ ಗವರ್ನರರು ಹತ್ತು ಮಂದಿ ಸದಸ್ಯರನ್ನು ನಾಮನಿರ್ದೇಶನ ಮಾಡಿದರು. ಹನ್ನೆರಡು ವಲಯಗಳಿರುವಾಗ ಹತ್ತೂ ಮಂದಿಯನ್ನು ಮೂರೇ ವಲಯಗಳಿಗೆ ಹಾಕಲಾಯಿತು. ಇವರಿಗೆ ಮೇಯರ್ ಚುನಾವಣೆಯಲ್ಲಿ ಮತವಿಲ್ಲವೆಂದು 2023ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆದರೆ ವಲಯ ಸಮಿತಿಯಲ್ಲಿ ಮತವಿದೆ. ಪ್ರತಿಯೊಂದು ವಲಯ ಸಮಿತಿ ಪಾಲಿಕೆಯ ಸ್ಥಾಯೀ ಸಮಿತಿಗೆ ಒಬ್ಬರನ್ನು ಕಳುಹಿಸುತ್ತದೆ, ದೊಡ್ಡ ಮೊತ್ತದ ಗುತ್ತಿಗೆಗಳು ಆ ಸಮಿತಿಯ ಮುಂದೆಯೇ ಬರುತ್ತವೆ. ನಾಮನಿರ್ದೇಶನದ ಅಧಿಕಾರ ಲೆಫ್ಟಿನೆಂಟ್ ಗವರ್ನರರದ್ದೇ ಎಂದು 2024ರ ಆಗಸ್ಟ್ 5ರಂದು ತೀರ್ಪು ಬಂತು. ನ್ಯಾಯಾಲಯದ ತೀರ್ಪಿಗೆ ನಾವು ತಲೆಬಾಗುತ್ತೇವೆ. ಆದರೆ ವಲಯವೆಂಬುದು ಕಸ ಎತ್ತುವ ಅನುಕೂಲಕ್ಕೆ ಹಾಕಿದ ಗೆರೆ ಮಾತ್ರವಲ್ಲ, ಮತ ಎಣಿಸುವ ಅನುಕೂಲಕ್ಕೂ ಹಾಕಿದ ಗೆರೆ ಎಂಬುದನ್ನು ಓದುಗರು ಗಮನಿಸಬೇಕು.

ದೊಡ್ಡ ನಗರವನ್ನು ವಿಭಜಿಸದೆ ಆಳಲಾಗದು, ಲಂಡನ್ನನ್ನು ನೋಡಿ ಎಂದು ಕೆಲವು ಬುದ್ಧಿಜೀವಿಗಳು ಉಪದೇಶಿಸುತ್ತಾರೆ. ನೋಡೋಣ. ಲಂಡನ್ನಿನಲ್ಲಿ 1965ರಿಂದ 32 ಬರೋಗಳಿವೆ, ಜೊತೆಗೆ ಪುರಾತನ ಸಿಟಿ ಆಫ್ ಲಂಡನ್. ಪ್ರತಿಯೊಂದು ಬರೋಗೂ ಚುನಾಯಿತ ಕೌನ್ಸಿಲ್ ಇದೆ. ಬಡವರ ಮನೆ, ಮಕ್ಕಳ ಶಾಲೆ, ವೃದ್ಧರ ಆರೈಕೆ, ಕಸ, ಗ್ರಂಥಾಲಯ ಎಲ್ಲವೂ ಅದರ ಹೊಣೆ. ಬಾಂಗ್ಲಾದೇಶ ಮೂಲದ ಮುಸ್ಲಿಮರು ದೊಡ್ಡ ಸಂಖ್ಯೆಯಲ್ಲಿರುವ ಟವರ್ ಹ್ಯಾಮ್ಲೆಟ್ಸ್‌ನಲ್ಲಿ 2010ರಿಂದ ಮೇಯರನ್ನು ಜನರೇ ನೇರವಾಗಿ ಆರಿಸುತ್ತಿದ್ದಾರೆ. ಬಡ ಬರೋಗಳಿಗೆ ಸರಕಾರದ ಅನುದಾನ ಸಲ್ಲುತ್ತದೆ. ಅಲ್ಲಿ ಎಲ್ಲವೂ ಸರಿಯಿದೆಯೆಂದು ನಾವು ಹೇಳುತ್ತಿಲ್ಲ. ತನಗಾಗದ ಮಹಾನಗರ ಕೌನ್ಸಿಲನ್ನು ಥ್ಯಾಚರ್ ಸರಕಾರ 1986ರಲ್ಲಿ ರದ್ದುಗೊಳಿಸಿ, 2000ದವರೆಗೆ ಇಡೀ ಲಂಡನ್ನಿಗೆ ಚುನಾಯಿತ ಆಡಳಿತವೇ ಇಲ್ಲದಂತೆ ಮಾಡಿತು. ಹತ್ತು ಸಾವಿರ ನಿವಾಸಿಗಳೂ ಇಲ್ಲದ ಸಿಟಿ ಆಫ್ ಲಂಡನ್‌ನಲ್ಲಿ ಕಂಪೆನಿಗಳಿಗೂ ಮತವಿದೆ. ನಮ್ಮ ಹೊಸದಿಲ್ಲಿಯ ಅಣ್ಣನಂತಿದೆ ಅದು! ಆದರೂ ಹಂಚುವುದಾದರೆ ಹಣವನ್ನೂ ಹಂಚಬೇಕು, ಮಾತನಾಡುವ ಹಕ್ಕನ್ನೂ ಹಂಚಬೇಕು ಎಂಬಷ್ಟನ್ನು ಅವರಿಂದ ಕಲಿಯಬಹುದಿತ್ತು. ನಾವು ಗಡಿಯನ್ನು ಮಾತ್ರ ಹಂಚಿದೆವು.

ಗೆರೆಯ ಆಚೆಗೆ ತಳ್ಳುವುದು ಕೇವಲ ಜನರನ್ನಲ್ಲ. ಹೊಸದಿಲ್ಲಿಯ ಬಂಗಲೆಗಳ ಕಸ ಹೊಸದಿಲ್ಲಿಯಲ್ಲಿ ಸುಡುವುದಿಲ್ಲ. ಅದು ಗಡಿ ದಾಟಿ ಓಖ್ಲಾದ ಕಸ-ವಿದ್ಯುತ್ ಸ್ಥಾವರಕ್ಕೆ ಬರುತ್ತದೆ. ಪಕ್ಕದಲ್ಲೇ ಹಾಜಿ ಕಾಲೊನಿ, ಗಫ್ಫಾರ್ ಮಂಜಿಲ್, ಸುಖದೇವ್ ವಿಹಾರ್. ಇಲ್ಲಿನ ನಿವಾಸಿಗಳು 2009ರಿಂದಲೇ ಕೋರ್ಟಿನ ಮೆಟ್ಟಿಲು ಹತ್ತಿದರು. ಆದರೂ 2012ರಲ್ಲಿ ಸ್ಥಾವರ ಆರಂಭವಾಯಿತು. ಹೊಗೆಗೆ ಹಿಂದೂ ಮನೆ, ಮುಸ್ಲಿಮ್ ಮನೆ ಎಂಬ ಭೇದವಿಲ್ಲ. ಅದನ್ನು ಎಲ್ಲಿ ಬಿಡಬೇಕೆಂದು ತೀರ್ಮಾನಿಸಿದವರಿಗೆ ಮಾತ್ರ ತಮ್ಮ ಮನೆ ಮತ್ತು ಇತರರ ಮನೆ ಎಂಬ ಭೇದ ಚೆನ್ನಾಗಿ ಗೊತ್ತಿತ್ತು.

ಇನ್ನೊಂದು ವಿಪರ್ಯಾಸ. ಚರಂಡಿಗೆ ವಾರಸುದಾರರಿಲ್ಲದ ಈ ನಗರದಲ್ಲಿ ಬುಲ್‌ಡೋಜರಿಗೆ ಮಾತ್ರ ವಿಳಾಸ ತಪ್ಪುವುದಿಲ್ಲ. 2022ರ ಏಪ್ರಿಲ್ 16ರಂದು ಜಹಾಂಗೀರ್‌ಪುರಿಯಲ್ಲಿ ಮೆರವಣಿಗೆಯ ವೇಳೆ ಗಲಭೆಯಾಯಿತು. ನಾಲ್ಕೇ ದಿನಗಳಲ್ಲಿ ಉತ್ತರ ದಿಲ್ಲಿ ಪಾಲಿಕೆಯ ಬುಲ್‌ಡೋಜರುಗಳು ಅಲ್ಲಿದ್ದವು. ಸಂಬಳ ಕೊಡಲು ಹಣವಿಲ್ಲವೆಂದು ಗೋಳಾಡುತ್ತಿದ್ದ ಅದೇ ಪಾಲಿಕೆ, ಅದಕ್ಕೆ ಕಾವಲಾಗಿ ಕೇಂದ್ರದ ಪೊಲೀಸರು. ಯಥಾಸ್ಥಿತಿ ಕಾಪಾಡಬೇಕೆಂದು ಸುಪ್ರೀಂ ಕೋರ್ಟ್ ಹೇಳಿದ ಬಳಿಕವೂ ಸುಮಾರು ಒಂದು ತಾಸಿಗೂ ಹೆಚ್ಚು ಕಾಲ ಅವು ನಿಲ್ಲಲಿಲ್ಲ. ನೋಟಿಸು ಕೊಟ್ಟು ಹದಿನೈದು ದಿನ ಕಾಯದೆ ಕೆಡವಬಾರದೆಂಬ ಸ್ಪಷ್ಟ ಆದೇಶ ಸುಪ್ರೀಂ ಕೋರ್ಟಿನಿಂದ ಬರಲು 2024ರ ನವೆಂಬರ್ ಆಗಬೇಕಾಯಿತು. ಬೇರೆ ದಿನಗಳಲ್ಲಿ ‘ಇದು ನಮ್ಮ ವ್ಯಾಪ್ತಿಗೆ ಬರುವುದಿಲ್ಲ’ ಎನ್ನುವ ಕಚೇರಿಗಳೆಲ್ಲ ಅಂದು ಎಷ್ಟೊಂದು ಅನ್ಯೋನ್ಯವಾಗಿದ್ದವು!

ಸರಕಾರವನ್ನು ದೂರಿ ಲೇಖನಿ ಕೆಳಗಿಡುವುದು ಸುಲಭ. ಆದರೆ ಸಮುದಾಯದ ಮುಂದೆಯೂ ಕೆಲವು ಪ್ರಶ್ನೆಗಳಿವೆ. ನಮ್ಮ ಸಭೆಗಳಲ್ಲಿ ಪಾರ್ಲಿಮೆಂಟಿನ ಚರ್ಚೆಯಾಗುತ್ತದೆ, ಪ್ಯಾಲೆಸ್ತೀನಿನ ಚರ್ಚೆಯಾಗುತ್ತದೆ, ಆಗಲೇಬೇಕು. ವಾರ್ಡಿನ ಗಡಿಯ ಚರ್ಚೆ ಎಂದಾದರೂ ಆಗಿದೆಯೇ? ದಿಲ್ಲಿಯಲ್ಲಿ 2022ರ ಸೆಪ್ಟೆಂಬರಿನಲ್ಲಿ ವಾರ್ಡುಗಳ ಕರಡು ಪ್ರಕಟವಾದಾಗ ಆಕ್ಷೇಪಣೆಗೆ ದೊರೆತದ್ದು ಸುಮಾರು ಮೂರು ವಾರ. ಚುನಾವಣೆಯ ದಿನ ಟಿಕೆಟಿಗಾಗಿ ಒಂದೇ ಮೊಹಲ್ಲಾದಿಂದ ನಾಲ್ವರು ಹೊರಡುತ್ತಾರೆ. ಆ ಮೊಹಲ್ಲಾವನ್ನು ನಾಲ್ಕು ವಾರ್ಡುಗಳಿಗೆ ಹಂಚುವಾಗ ಕೇಳುವವರು ಒಬ್ಬರೂ ಇರುವುದಿಲ್ಲ. ಮುಸ್ಲಿಮ್ ವಾರ್ಡೊಂದನ್ನು ಕಟ್ಟಿಕೊಡಿ ಎಂದು ಬೇಡಬೇಕೆಂದು ನಾವು ಹೇಳುತ್ತಿಲ್ಲ. ಒಂದೇ ಚರಂಡಿ, ಒಂದೇ ಶಾಲೆ, ಒಂದೇ ನೀರಿನ ಟ್ಯಾಂಕನ್ನು ಹಂಚಿಕೊಂಡಿರುವ ನೆರೆಹೊರೆಯವರು, ಅವರು ಯಾವ ಧರ್ಮದವರೇ ಆಗಿರಲಿ, ಒಂದೇ ವಾರ್ಡಿನಲ್ಲಿರಬೇಕು ಎಂಬುದು ನ್ಯಾಯದ ಬೇಡಿಕೆ. ಅದನ್ನು ಅವರೊಂದಿಗೆ ಕೂಡಿಯೇ ಕೇಳಬೇಕು.

ದಿಲ್ಲಿ ದೂರವೆನ್ನುವವರು ಬೆಂಗಳೂರನ್ನು ನೋಡಲಿ. 2020ರ ಸೆಪ್ಟೆಂಬರಿನಲ್ಲಿ ಅಲ್ಲಿನ ಪಾಲಿಕೆಯ ಅವಧಿ ಮುಗಿದ ಬಳಿಕ ಐದು ವರ್ಷಗಳ ಕಾಲ ಚುನಾಯಿತ ಸದಸ್ಯರೇ ಇರಲಿಲ್ಲ. 2025ರ ಸೆಪ್ಟೆಂಬರ್ 2ರಂದು ಅದು ಐದು ನಗರ ಪಾಲಿಕೆಗಳಾಗಿ ಒಡೆಯಿತು. ಅವುಗಳ ಮೇಲೆ ಮುಖ್ಯಮಂತ್ರಿಯ ಅಧ್ಯಕ್ಷತೆಯ ಪ್ರಾಧಿಕಾರ ಬಂತು. ವಾರ್ಡುಗಳ ಕರಡಿಗೆ ಆಕ್ಷೇಪಣೆ ಸಲ್ಲಿಸಲು ಎರಡು ವಾರದಷ್ಟು ಸಮಯವಷ್ಟೇ ಇತ್ತು. ಐದರಲ್ಲಿ ಯಾವುದು ದಕ್ಷಿಣ ದಿಲ್ಲಿಯಾಗಲಿದೆ, ಯಾವುದು ಯಮುನೆಯಾಚೆಯ ಪೂರ್ವ ದಿಲ್ಲಿಯಾಗಲಿದೆ? ಆದಾಯ ಕಡಿಮೆಯಿರುವ ಪಾಲಿಕೆಯ ಪೌರಕಾರ್ಮಿಕರಿಗೆ ಸಂಬಳ ತಪ್ಪಿದರೆ ಹಣ ಕೊಡುವವರು ಯಾರು? ಆಡಳಿತಾರೂಢರು ಇದಕ್ಕೆ ಮಾತಿನಲ್ಲಲ್ಲ, ಬಜೆಟಿನ ಅಂಕಿಗಳಲ್ಲಿ ಉತ್ತರ ಕೊಡಬೇಕು.

2027ರ ಜನಗಣತಿಯ ಅಂಕಿಗಳು ಬಂದ ಬಳಿಕ ನಮ್ಮ ಪುರಸಭೆ, ನಗರಸಭೆಗಳ ವಾರ್ಡುಗಳೂ ಹೊಸದಾಗಿ ವಿಂಗಡಣೆಯಾಗಬಹುದು. ಆ ಕರಡುಗಳಲ್ಲಿ ಉತ್ತರಕ್ಕೆ ಇಂಥ ರಸ್ತೆ, ಪೂರ್ವಕ್ಕೆ ಇಂಥ ಹಳ್ಳ ಎಂದು ನಾಲ್ಕು ದಿಕ್ಕುಗಳ ಚೆಕ್ಕುಬಂದಿ ಮಾತ್ರ ಇರುತ್ತದೆ. ಕಚೇರಿಯ ಗೋಡೆಯ ಮುಂದೆ ನಿಂತು ಓದಿದರೆ ಅರ್ಥವಾಗುವುದಿಲ್ಲ. ಪ್ರತಿಯೊಂದು ಜಮಾಅತಿನಲ್ಲಿ ಓದು ಬರಹ ಬಲ್ಲ ಇಬ್ಬರು ಯುವಕರಾದರೂ ಅದರ ಪ್ರತಿಯನ್ನು ಪಡೆದು, ಓಣಿ ಓಣಿ ಸುತ್ತಿ ಗಡಿಯನ್ನು ಗುರುತಿಸಿ, ನೆರೆಯ ಬೀದಿಯ ಹಿರಿಯರ ಸಹಿಯನ್ನೂ ಜೊತೆಗೆ ಹಾಕಿಸಿ, ಗಡುವು ಮುಗಿಯುವುದರೊಳಗೆ ಆಕ್ಷೇಪಣೆಯನ್ನು ಲಿಖಿತವಾಗಿ ಸಲ್ಲಿಸಿ ಸ್ವೀಕೃತಿ ಪಡೆಯಲಿ.