ಪುಟ್ಟ ಟ್ಯಾಂಕಿನ ದಪ್ಪ ಕವಚ

ಪ್ಲಾಸ್ಟಿಕ್ ತುಣುಕುಗಳನ್ನು ಅಂಟಿಸಿ ಟ್ಯಾಂಕಿನ ಮಾದರಿ ಮಾಡುವುದು ಹುಡುಗಾಟವೆಂದು ಕೆಲವರೂ, ಯುದ್ಧದ ಆರಾಧನೆಯೆಂದು ಮತ್ತೆ ಕೆಲವರೂ ಹೇಳುವುದುಂಟು. ಮೊದಲನೆಯದಕ್ಕೆ ಉತ್ತರ ಬೇಕಿಲ್ಲ. ಎರಡನೆಯದನ್ನು ನಾನು ಸುಲಭವಾಗಿ ತಳ್ಳಿಹಾಕಲಾರೆ; ಹಿಟ್ಲರನ ಸೈನ್ಯದ ಟ್ಯಾಂಕನ್ನು ಮೇಜಿನ ಮೇಲೆ ಥಳಥಳಿಸುವಂತೆ ನಿಲ್ಲಿಸಿ ಬೆರಗಾಗುವುದರಲ್ಲಿ ಅಪಾಯವಿದ್ದೇ ಇದೆ. ಆದರೆ ಆ ಅಪಾಯಕ್ಕೆ ಮದ್ದು ಮಾದರಿಯನ್ನು ಸರಿಯಾಗಿ ಮಾಡುವುದೇ ಎಂಬುದು ನನ್ನ ವಾದ.

ಜರ್ಮನರ 'ಪಾಂಜರ್ ನಾಲ್ಕು' ಟ್ಯಾಂಕನ್ನೇ ತೆಗೆದುಕೊಳ್ಳೋಣ. ಅದರ ಪಕ್ಕದ ಕವಚ ಕೇವಲ 30 ಮಿ.ಮೀ. ರಷ್ಯದ ಕಾಲಾಳುಗಳು ಹೊತ್ತು ತರುತ್ತಿದ್ದ 14.5 ಮಿ.ಮೀ. ಟ್ಯಾಂಕುವಿರೋಧಿ ಬಂದೂಕಿನ ಗುಂಡು ಹತ್ತಿರದಿಂದ ಅದನ್ನು ತೂರಿಹೋಗಬಲ್ಲುದಾಗಿತ್ತು. ಆದುದರಿಂದ 1943ರಲ್ಲಿ ಎರಡು ಪಕ್ಕಗಳಿಗೂ 5 ಮಿ.ಮೀ. ದಪ್ಪದ ಹೊರತಗಡುಗಳನ್ನು ತೂಗುಹಾಕಿದರು. ಅವುಗಳಿಗೆ 'ಷ್ಯುರ್ತ್ಸೆನ್' ಎಂದು ಹೆಸರು. ಅಡಿಗೆಯವರು ಸೊಂಟಕ್ಕೆ ಕಟ್ಟಿಕೊಳ್ಳುವ ಮುಂಬಟ್ಟೆ ಎಂದು ಆ ಮಾತಿನ ಅರ್ಥ.

ಈಗ ಲೆಕ್ಕ ಮಾಡಿರಿ. ಇಂಥ ಮಾದರಿಗಳು ಬಹುಮಟ್ಟಿಗೆ ಮೂವತ್ತೈದರಲ್ಲೊಂದು ಅಳತೆಯವು. (ಈ ವಿಚಿತ್ರ ಅಂಕಿ ಜಪಾನಿನ ತಮಿಯಾ ಕಂಪನಿಯಿಂದ ಬಂದದ್ದು, 1960ರ ದಶಕದ ಆರಂಭದ ಅವರ ಪ್ಯಾಂಥರ್ ಟ್ಯಾಂಕಿನ ಹೊಟ್ಟೆಯಲ್ಲಿ ಮೋಟಾರೂ ಬ್ಯಾಟರಿಯೂ ಹಿಡಿಸಬೇಕಾಗಿತ್ತು.) 5 ಮಿ.ಮೀ. ತಗಡು ಈ ಅಳತೆಯಲ್ಲಿ 0.14 ಮಿ.ಮೀ. ಆಗಬೇಕು, ನೋಟುಬುಕ್ಕಿನ ಎರಡು ಹಾಳೆಯಷ್ಟು. ನನ್ನ ಪೆಟ್ಟಿಗೆಯಲ್ಲಿದ್ದ ಪ್ಲಾಸ್ಟಿಕ್ ತಗಡಾದರೋ 1 ಮಿ.ಮೀ. ಎಂದರೆ ನಿಜದಲ್ಲಿ 35 ಮಿ.ಮೀ! ಕವಚಕ್ಕಿಂತ ಮುಂಬಟ್ಟೆಯೇ ದಪ್ಪ. ನೋಡಿದವರಿಗೆ ಅದು ಅಭೇದ್ಯ ಕೋಟೆಯಂತೆ ಕಂಡರೆ ಆಶ್ಚರ್ಯವೇನು?

ಆದ್ದರಿಂದ ತಗಡಿನ ಅಂಚುಗಳನ್ನು ಒಳಬದಿಯಿಂದ ಉಪ್ಪುಕಾಗದದಲ್ಲಿ ಉಜ್ಜಿ ತೆಳುಮಾಡಬೇಕು. ಇಲ್ಲವೆ ತಂಪುಪಾನೀಯದ ಡಬ್ಬಿಯ ಅಲ್ಯೂಮಿನಿಯಂ ಕತ್ತರಿಸಿ ಹೊಸದಾಗಿಯೇ ಮಾಡಿಕೊಳ್ಳಬೇಕು. ನನಗೆ ಎರಡನೆಯದೇ ಮೇಲು. ಬೆರಳಿನಿಂದ ಒತ್ತಿದರೆ ಅದು ನಿಜವಾದ ತಗಡಿನಂತೆಯೇ ನೆಗ್ಗುತ್ತದೆ. ಹೀಗೆ ಕತ್ತರಿ ಹಿಡಿದು ಕುಳಿತಾಗ, ಆ ಟ್ಯಾಂಕಿನೊಳಗಿನ ಐದು ಜನ ಒಬ್ಬ ಕಾಲಾಳಿನ ಬಂದೂಕಿಗೆ ಎಷ್ಟು ಹೆದರಿದ್ದರೆಂಬುದು ಹೊಳೆಯುತ್ತದೆ. ಇತಿಹಾಸದ ಪಠ್ಯಪುಸ್ತಕದಲ್ಲಿ ನನಗೆ ಇದು ದೊರೆತಿರಲಿಲ್ಲ.

ಆ ತಗಡುಗಳು ಕೊಕ್ಕೆಗಳ ಮೇಲೆ ತೂಗುತ್ತಿದ್ದವು. ಮರಕ್ಕೋ ಗೋಡೆಗೋ ತಗುಲಿ ಕಳಚಿಬೀಳುತ್ತಿದ್ದವು. ಯುದ್ಧಕಾಲದ ಛಾಯಾಚಿತ್ರಗಳಲ್ಲಿ ಹಲ್ಲು ಬಿದ್ದ ಬಾಯಿಯಂತೆ ನಡುನಡುವೆ ತೆರವಾಗಿರುವ ಟ್ಯಾಂಕುಗಳನ್ನು ಕಾಣಬಹುದು. ಮಾದರಿಯಲ್ಲಿಯೂ ಒಂದೆರಡನ್ನು ಬಿಡುವುದೇ ಸರಿ.

ಬಿಟ್ಟರೆ ಒಳಗಿನ ಸರಪಳಿ ಕಾಣುತ್ತದೆ. ತಗಡಿನ ಮರೆಯಲ್ಲಿರುವ ಸರಪಳಿಯ ಮೇಲ್ಭಾಗಕ್ಕೆ ಶ್ರಮವೇಕೆ ಎನ್ನುವವರ ವಾದ ಇಲ್ಲಿ ಬಿದ್ದುಹೋಗುತ್ತದೆ. ಪಕ್ಕಕ್ಕೆ ಎಂಟು ಚಕ್ರ, ಮೇಲೆ ನಾಲ್ಕು ಸಣ್ಣ ಉರುಳೆ, ಸುತ್ತಲೂ 99 ಕೊಂಡಿ. ಪೆಟ್ಟಿಗೆಯಲ್ಲಿ ಬರುವ ರಬ್ಬರಿನಂಥ ಪಟ್ಟಿ ಹಿಟ್ಟಿನ ಗಿರಣಿಯ ಬೆಲ್ಟಿನಂತೆ ಬಿಗಿದು ನಿಲ್ಲುತ್ತದೆ. ಉಕ್ಕಿನ ಸರಪಳಿಯಾದರೋ ತನ್ನ ಭಾರಕ್ಕೆ ಉರುಳೆಗಳ ನಡುವೆ ಜೋತುಬೀಳಬೇಕು. ಬಿಡಿಬಿಡಿ ಕೊಂಡಿಗಳನ್ನು ಸಾಲಾಗಿ ಅಂಟಿಸಿ, ಅಂಟು ಪೂರ್ತಿ ಒಣಗುವ ಮುನ್ನ ಚಕ್ರಗಳಿಗೆ ಸುತ್ತಿ, ಮೇಲಿನಿಂದ ಹತ್ತಿಯ ಉಂಡೆ ತುರುಕಿ ಒತ್ತಿಟ್ಟರೆ ಆ ಜೋಲು ಬರುತ್ತದೆ. ಬೇಸರದ ಕೆಲಸವೇ ಸರಿ. ಬಣ್ಣ ಒಣಗಿದ ಮೇಲೆ ತಗಡುಗಳನ್ನು ಕಟ್ಟಕಡೆಗೆ ಹಾಕಬೇಕು. ಮೊದಲೇ ಹಾಕಿದರೆ ಸರಪಳಿಗೆ ಕುಂಚ ಹೋಗದು.

ನನ್ನ ಟ್ಯಾಂಕಿನ ಬಲಪಕ್ಕದಲ್ಲಿ ಎರಡು ತಗಡುಗಳಿಲ್ಲ. ತುಣುಕು ಕಳೆದುಹೋಯಿತೆ ಎಂದು ನೋಡಿದವರೆಲ್ಲ ಕೇಳುತ್ತಾರೆ. ಬೇಕೆಂದೇ ಬಿಟ್ಟದ್ದು ಎಂದು ಹೇಳಿ, ಒಳಗಿನ ಸರಪಳಿಯನ್ನು ತೋರಿಸುತ್ತೇನೆ.