‘ದಿ ಹೆಲ್ಪ್’ ಕಾದಂಬರಿಯೂ ನಮ್ಮ ವಾಚಕರ ಕಣ್ಣೀರೂ

ಕ್ಯಾಥ್ರಿನ್ ಸ್ಟಾಕೆಟ್ ಎಂಬ ಅಮೆರಿಕದ ಲೇಖಕಿಯ ‘ದಿ ಹೆಲ್ಪ್’ ಕಾದಂಬರಿಯನ್ನು ಕುರಿತು ನಮ್ಮ ಸಂಘದ ವಾಚನಗೋಷ್ಠಿಯಲ್ಲಿ ಎರಡು ಸಂಜೆ ಚರ್ಚೆ ನಡೆಯಿತು. ಬಂದವರಲ್ಲಿ ಬಹುಮಂದಿ ಒಂದೇ ಕಂಠದಿಂದ ನುಡಿದ ಮಾತಿದು: ಓದುತ್ತ ಓದುತ್ತ ಕಣ್ಣು ತುಂಬಿ ಬಂತು, ಆದುದರಿಂದ ಕೃತಿ ಸತ್ಯವಾದುದು, ಮಹತ್ತಾದುದು. ಕಿರಿಯರಾದ ಕೆಲವರು ಇದಕ್ಕೆ ತೀರ ವಿರುದ್ಧವಾಗಿ, ಕರಿಯ ಹೆಂಗಸಿನ ಬಾಯಿಂದ ಬಿಳಿಯ ಹೆಂಗಸು ಮಾತಾಡುವುದೇ ಅಪರಾಧ, ಇಂಥ ಪುಸ್ತಕವನ್ನು ಮುಟ್ಟಲೇಬಾರದು ಎಂದರು. ಈ ಎರಡು ಪಕ್ಷಗಳಲ್ಲಿ ಯಾವುದನ್ನೂ ನಾವು ಒಪ್ಪಲಾರೆವು. ಮೊದಲನೆಯದನ್ನಂತೂ ಖಂಡಿಸದೆ ಬಿಡಲಾರೆವು.

ಓದದವರಿಗಾಗಿ ಕಥೆಯನ್ನು ಸಂಕ್ಷೇಪವಾಗಿ ಹೇಳುತ್ತೇವೆ. 2009ರಲ್ಲಿ ಪ್ರಕಟವಾದ ಈ ಕೃತಿಯ ಕಥೆ 1962ರಿಂದೀಚೆಗೆ, ಮಿಸಿಸಿಪ್ಪಿಯ ರಾಜಧಾನಿ ಜಾಕ್ಸನ್ ನಗರದಲ್ಲಿ ನಡೆಯುತ್ತದೆ. ಬಿಳಿಯರ ಮಕ್ಕಳನ್ನು ಸಾಕುವ ಐಬಿಲೀನ್, ಅಡುಗೆಯಲ್ಲಿ ನಿಪುಣೆಯೂ ಮಾತಿನಲ್ಲಿ ಹರಿತಳೂ ಆದ ಮಿನ್ನಿ, ಇವರಿಬ್ಬರು ಕರಿಯ ಕೆಲಸದಾಕೆಯರು. ಸ್ಕೀಟರ್ ಎಂಬ ಬಿಳಿಯ ತರುಣಿ ಇಂಥವರ ಅನುಭವಗಳನ್ನು ಗುಟ್ಟಾಗಿ ಕೇಳಿ, ಬರೆದು, ಕರ್ತೃವಿನ ಹೆಸರಿಲ್ಲದೆ ಪುಸ್ತಕ ಮಾಡುತ್ತಾಳೆ. ಹಿಲ್ಲಿ ಎಂಬ ಗೃಹಿಣಿಯಾದರೋ, ಕರಿಯರಿಂದ ರೋಗ ಅಂಟುತ್ತದೆಂದು ಹೇಳಿ, ಮನೆಮನೆಯಲ್ಲಿಯೂ ಕೆಲಸದಾಕೆಗೆ ಬೇರೆಯೇ ಕಕ್ಕಸನ್ನು ಕಟ್ಟಿಸಬೇಕೆಂದು ಓಡಾಡುತ್ತಾಳೆ. ಮಗುವಿಗೆ ಉಣಿಸುವ ಕೈಯಿಂದ ಬಾರದ ಮೈಲಿಗೆ ಕಕ್ಕಸಿನಿಂದ ಬರುತ್ತದೆ! ಈ ವೈಪರೀತ್ಯವನ್ನು ಲೇಖಕಿ ಚೆನ್ನಾಗಿ ಕಂಡಿದ್ದಾರೆ. ಗೆರಟೆಯಲ್ಲಿ ನೀರು ಹೊಯ್ದು ಕೊಡುತ್ತಿದ್ದ ಅಂಗಳಗಳನ್ನು ಬಲ್ಲ ಕಾಸರಗೋಡಿನ ಹಿರಿಯರಿಗೆ ಇದನ್ನು ಬಿಡಿಸಿ ಹೇಳಬೇಕಾದುದಿಲ್ಲ.

ಕಿರಿಯ ಮಿತ್ರರಿಗೆ ಒಂದು ಮಾತು. ನಮ್ಮ ತಾಲೂಕು 1956ರಲ್ಲಿ ಕೇರಳಕ್ಕೆ ಸೇರುವ ತನಕ ಯಾವ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತೋ ಆ ಜಿಲ್ಲೆಯ ಕೋಟದ ಬ್ರಾಹ್ಮಣ ಮನೆತನದಲ್ಲಿ ಹುಟ್ಟಿದ ಶಿವರಾಮ ಕಾರಂತರೇ ‘ಚೋಮನ ದುಡಿ’ಯನ್ನು ಬರೆದವರು. ಅನ್ಯರ ನೋವನ್ನು ಬರೆಯಕೂಡದೆಂಬ ಕಟ್ಟಳೆಯಿದ್ದಿದ್ದರೆ ಚೋಮನನ್ನು ನಾವು ಕಾಣುತ್ತಿರಲಿಲ್ಲ. ಆದರೆ ಚೋಮನಿಗೆ ಬೇಕಾಗಿದ್ದುದು ತಾನೇ ಉಳುವಷ್ಟು ನೆಲ. ಧಣಿಯ ಮನಸ್ಸು ಕರಗಿದರೂ ಆ ನೆಲ ಅವನಿಗೆ ದಕ್ಕುವುದಿಲ್ಲ. ಕಾರಂತರು ಯಾವ ಸಹೃದಯ ಧಣಿಯಿಂದಲೂ ಅವನನ್ನು ಉದ್ಧಾರ ಮಾಡಿಸಿ ನಮಗೆ ಸಮಾಧಾನ ಹೇಳಲಿಲ್ಲ. ಸ್ಟಾಕೆಟ್ ಅವರು ಹೇಳಿದ್ದಾರೆ. ನಮ್ಮ ತಕರಾರು ಇರುವುದು ಅಲ್ಲಿ.

ಗೋಷ್ಠಿಯಲ್ಲಿ ಎಲ್ಲರೂ ಬಿದ್ದು ಬಿದ್ದು ನಕ್ಕದ್ದು ಒಂದು ಪ್ರಸಂಗಕ್ಕೆ. ಕೆಲಸ ಕಳೆದುಕೊಂಡ ಮಿನ್ನಿ, ಪೈ ಎಂಬ ಸಿಹಿಭಕ್ಷ್ಯದಲ್ಲಿ ಹೇಸಿಗೆಯನ್ನು ಬೆರೆಸಿ ಹಿಲ್ಲಿಗೆ ತಿನ್ನಿಸುತ್ತಾಳೆ. ಓದುಗನಿಗೆ ಸೇಡು ತೀರಿದ ತೃಪ್ತಿಯಾಗುತ್ತದೆ. ವಾಚಕ ಮಹಾಶಯರೇ, ಅದೇ ಕಾಲಕ್ಕೆ ಸಮೀಪದ ಇನ್ನೊಂದು ಪೈಯ ವೃತ್ತಾಂತವನ್ನು ಕೇಳಿರಿ. ಮಿಸಿಸಿಪ್ಪಿಯ ನೆರೆಯ ಅಲಬಾಮದ ಮಾಂಟ್‌ಗೊಮೆರಿ ನಗರದಲ್ಲಿ, ಬಸ್ಸುಗಳಲ್ಲಿನ ವರ್ಣಭೇದವನ್ನು ವಿರೋಧಿಸಿ 1955ರ ಡಿಸೆಂಬರಿನಲ್ಲಿ ಬಹಿಷ್ಕಾರ ಆರಂಭವಾಯಿತು. 381 ದಿನ ಅದನ್ನು ಹೊತ್ತು ನಡೆದವರಲ್ಲಿ ಬಹುಭಾಗ ಬಿಳಿಯರ ಮನೆಗಳಿಗೆ ಕಾಲ್ನಡಿಗೆಯಲ್ಲಿ ಹೋಗಿಬಂದ ಕೆಲಸದಾಕೆಯರು. ಜಾರ್ಜಿಯಾ ಗಿಲ್ಮೋರ್ ಎಂಬ ಅಡುಗೆಯಾಕೆ ಇತರ ಹೆಂಗಸರನ್ನು ಕೂಡಿಸಿಕೊಂಡು, ಪೈ, ಕೇಕು, ಕೋಳಿಯ ಖಾದ್ಯಗಳನ್ನು ಮಾಡಿ ಮಾರಿ, ಬಂದ ಹಣವನ್ನು ಚಳವಳಿಗೆ ಒಪ್ಪಿಸಿದರು. ಹಣ ಎಲ್ಲಿಂದ ಬಂತೆಂದು ಕೇಳಿದರೆ ‘ಎಲ್ಲಿಂದಲೂ ಇಲ್ಲ’ ಎನ್ನಲು ಅನುಕೂಲವಾಗುವಂತೆ ಆ ಕೂಟಕ್ಕೆ ‘ಎಲ್ಲಿಂದಲೂ ಅಲ್ಲದ ಕ್ಲಬ್ಬು’ ಎಂಬರ್ಥದ ಹೆಸರನ್ನಿಟ್ಟರು. 1956ರಲ್ಲಿ ಮಾರ್ಟಿನ್ ಲೂಥರ್ ಕಿಂಗರ ಮೇಲಿನ ಮೊಕದ್ದಮೆಯಲ್ಲಿ ಸಾಕ್ಷ್ಯ ನುಡಿದುದಕ್ಕೆ ಅವರ ಅಡುಗೆಯ ಕೆಲಸ ಹೋಯಿತು. ಮನೆಯಲ್ಲಿಯೇ ಒಲೆ ಹೂಡಿ ಅಡುಗೆಯನ್ನು ಮುಂದುವರಿಸಿದರು. ಮಿನ್ನಿಯ ಪೈಗೆ ನಗುವ ನಮಗೆ ಗಿಲ್ಮೋರ್ ಅವರ ಪೈ ತಿಳಿಯದೆ ಹೋದುದು ಹೇಗೆ? ಮೊದಲನೆಯದು ಕೆಟ್ಟವಳೊಬ್ಬಳಿಗೆ ಅವಮಾನ ಮಾಡಿ ಮುಗಿಯುತ್ತದೆ. ಅದನ್ನು ಮೆಚ್ಚಲು ಓದುಗನು ತನ್ನ ಮನೆಯಲ್ಲಿ ಏನನ್ನೂ ಬದಲಿಸಬೇಕಾಗಿಲ್ಲ.

ಕಾದಂಬರಿಯ ಜಾಕ್ಸನ್ನಿನಲ್ಲಿ ಧೈರ್ಯವೆಂಬುದು ಸ್ಕೀಟರಳ ಬೆರಳಚ್ಚು ಯಂತ್ರದ ಜೊತೆಯಲ್ಲಿ ಒಳಗೆ ಬರುತ್ತದೆ. ಕಡೆಗೆ ಆಕೆ ನ್ಯೂಯಾರ್ಕಿಗೆ ಹೋಗುತ್ತಾಳೆ, ಐಬಿಲೀನ್ ಕೆಲಸ ಕಳೆದುಕೊಳ್ಳುತ್ತಾಳೆ. ನಾವು ಎರಡಕ್ಕೂ ಒಟ್ಟಿಗೇ ಕಣ್ಣೊರೆಸಿಕೊಳ್ಳುತ್ತೇವೆ. ನಿಜವಾದ ಜಾಕ್ಸನ್ನಿನಲ್ಲಿ 1963ರ ಮೇ 28ರಂದು ಆನ್ ಮೂಡಿ ಎಂಬ ಕರಿಯ ವಿದ್ಯಾರ್ಥಿನಿ ವುಲ್‌ವರ್ತ್ ಅಂಗಡಿಯ ಊಟದ ಕಟ್ಟೆಯಲ್ಲಿ, ಬಿಳಿಯರಿಗೇ ಮೀಸಲಾದ ಆಸನದಲ್ಲಿ, ಸಂಗಡಿಗರೊಡನೆ ಕುಳಿತರು. ಜನರ ಗುಂಪು ಅವರನ್ನು ಹೊಡೆದು, ತಲೆಯ ಮೇಲೆ ಸಾಸಿವೆಯ ಗೊಜ್ಜನ್ನೂ ಸಕ್ಕರೆಯನ್ನೂ ಸುರಿಯಿತು. ಇದಾದ ಎರಡು ವಾರಗಳಲ್ಲಿ, ಜೂನ್ 12ರಂದು, ಅದೇ ಊರಿನ ನಾಯಕ ಮೆಡ್ಗರ್ ಎವರ್ಸ್ ಸ್ವಂತ ಮನೆಯ ಮುಂದೆ ಗುಂಡೇಟಿಗೆ ಬಲಿಯಾದರು. ಈ ಆನ್ ಮೂಡಿ ಒಂಬತ್ತನೆಯ ವಯಸ್ಸಿನಿಂದಲೇ ಬಿಳಿಯರ ಮನೆಗಳಲ್ಲಿ ಕೆಲಸ ಮಾಡಿದವರು. 1955ರಲ್ಲಿ ಎಮ್ಮೆಟ್ ಟಿಲ್ ಎಂಬ 14 ವರ್ಷದ ಬಾಲಕನ ಕೊಲೆಯಾದಾಗ ತನ್ನ ಯಜಮಾನಿ ಆಡಿದ ಮಾತನ್ನು ಅವರು ಕೇಳಿಸಿಕೊಂಡಿದ್ದರು. 1968ರಲ್ಲಿ ಅವರೇ ತಮ್ಮ ಆತ್ಮಕಥೆಯನ್ನು ಬರೆದರು. ಬರೆದುಕೊಡುವ ಸ್ಕೀಟರಳಿಗಾಗಿ ಕಾಯಲಿಲ್ಲ.

ನಾವು ದೂರದಲ್ಲಿ ಕುಳಿತು ಅತಿಯಾಗಿ ನುಡಿಯುತ್ತಿದ್ದೇವೆಂದು ಯಾರಾದರೂ ಅನ್ನಬಹುದು. ಕರಿಯ ಇತಿಹಾಸಕಾರ್ತಿಯರ ಸಂಘವು 2011ರಲ್ಲಿಯೇ ಬಹಿರಂಗ ಪತ್ರವನ್ನು ಹೊರಡಿಸಿ ಇಂಥದೇ ಆಕ್ಷೇಪಗಳನ್ನು ಮಾಡಿತ್ತು. ಕೆಲಸದಾಕೆಯರ ಮೇಲೆ ನಡೆಯುತ್ತಿದ್ದ ಲೈಂಗಿಕ ಕಿರುಕುಳ ಮರೆಯಾಗಿರುವುದನ್ನೂ ಅದು ಎತ್ತಿ ತೋರಿಸಿತು. ಚಲನಚಿತ್ರದಲ್ಲಿ ಐಬಿಲೀನಳಾಗಿ ಅಭಿನಯಿಸಿದ ವಯೋಲಾ ಡೇವಿಸ್ ಅವರೇ, ಕೆಲಸದಾಕೆಯರ ದನಿ ಅದರಲ್ಲಿ ಕೇಳಿಬರಲಿಲ್ಲವೆಂದು 2018ರಲ್ಲಿ ವಿಷಾದಿಸಿದರು.

ಕಣ್ಣೀರಿನ ಪಕ್ಷದ ಮಹನೀಯರೊಬ್ಬರು, “ನಮ್ಮ ಮನೆಯ ಹೆಂಗಸೂ ಮೂವತ್ತು ವರ್ಷದಿಂದ ಮನೆಯವಳ ಹಾಗೆಯೇ ಇದ್ದಾಳೆ” ಎಂದರು. ಆಲಿಸ್ ಚೈಲ್ಡ್ರೆಸ್ ಎಂಬ ಕರಿಯ ಲೇಖಕಿ 1956ರಷ್ಟು ಹಿಂದೆಯೇ ‘ಮನೆಯವರಲ್ಲೊಬ್ಬಳಂತೆ’ ಎಂಬರ್ಥದ ಹೆಸರಿನಲ್ಲಿ, ಒಬ್ಬ ಮನೆಗೆಲಸದಾಕೆಯ ಮಾತುಗಳ ರೂಪದಲ್ಲಿ, ಈ ನುಡಿಯನ್ನೇ ಗೇಲಿ ಮಾಡಿದ ಪುಸ್ತಕವನ್ನು ತಂದರು. ಅಮೆರಿಕದ 1938ರ ಕನಿಷ್ಠ ವೇತನದ ಕಾನೂನು ಮನೆಗೆಲಸದವರನ್ನು ಹೊರಗಿಟ್ಟಿತು. ಅವರು ಅದರೊಳಗೆ ಬಂದುದು 1974ರಲ್ಲಿ. ಕರ್ನಾಟಕದಲ್ಲಿ ಇವರಿಗೆ ಕನಿಷ್ಠ ವೇತನ ಗೊತ್ತಾದುದು 2004ರಲ್ಲಿ. ಮನೆಯವಳೆಂದು ಕರೆಯಲು ಯಾವ ಕಾನೂನೂ ಬೇಕಾಗಿರಲಿಲ್ಲವಷ್ಟೆ. ಆ ಮಹನೀಯರು ಆಕೆಗೆ ಕೊಡುವ ಸಂಬಳವೆಷ್ಟು, ವಾರಕ್ಕೊಂದು ರಜೆಯುಂಟೋ ಇಲ್ಲವೋ, ಆಕೆ ಕುಡಿಯುವ ಲೋಟ ಯಾವ ಗೂಡಿನಲ್ಲಿರುತ್ತದೆ ಎಂಬುದನ್ನು ನಾವು ಕೇಳಿದೆವು. ಸಭೆ ಬೇರೆ ವಿಷಯಕ್ಕೆ ಹೊರಳಿತು.

ನಾವೇನೂ ಇದರಿಂದ ಹೊರಗಿನವರಲ್ಲ. ಎರಡು ಸಂಜೆಯೂ ಗೋಷ್ಠಿಗೆ ಚಹಾ ಮಾಡಿ ತಂದಾಕೆ ಬಾಗಿಲಿನ ಆಚೆ ನಿಂತು ಎಲ್ಲವನ್ನೂ ಕೇಳಿದರು. ಆಕೆಯ ಅಭಿಪ್ರಾಯವನ್ನು ನಾವೂ ಕೇಳಲಿಲ್ಲ.

ಆನ್ ಮೂಡಿಯವರ ಆತ್ಮಕಥೆಯ ಒಂದು ಪ್ರತಿ ಸಂಘದ ಕಪಾಟಿಗೆ ಬಂದಿದೆ. ಸದಸ್ಯರಿಬ್ಬರು ಅದರ ಮೊದಲ ಅಧ್ಯಾಯಗಳನ್ನು ಕನ್ನಡದಲ್ಲಿ ಹೇಳಲು ಒಪ್ಪಿದ್ದಾರೆ. ಬರುವ ತಿಂಗಳ ಗೋಷ್ಠಿಯಲ್ಲಿ ಚಹಾವನ್ನು ಸದಸ್ಯರೇ ಸರದಿಯಂತೆ ಮಾಡತಕ್ಕದ್ದು. ಮೊದಲ ಸರದಿ ನಮ್ಮದು.